ಪಂಢರಪುರದಲ್ಲೊಬ್ಬ ಕ್ರಿಸ್ತೀಯ ವಿದ್ಯಾರ್ಥಿ

(ಊರಿನ ವಾಚನಾಲಯದಲ್ಲಿ ಶಿಕ್ಷಕರ ಹಾಗೂ ನಾಗರಿಕರ ಮುಂದೆ ವಕೀಲರೊಬ್ಬರು ಮಾಡಿದ ಭಾಷಣ)



ನಮ್ಮ ಬೆಳಗಾವಿ ಸೀಮೆಯ ಒಬ್ಬ ಕ್ರಿಸ್ತೀಯ ತರುಣನು, ಕಾಲೇಜಿನಲ್ಲಿ ಕಲಿಯುವವನು, ಕಳೆದ ಕಾರ್ತಿಕ ಏಕಾದಶಿಗೆ ಮೀರಜದಲ್ಲಿ ಗಾಡಿ ಬದಲಿಸಿ ಪಂಢರಪುರಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದನು. ಪುಣ್ಯಕ್ಷೇತ್ರಗಳಲ್ಲಿ ದಾನಧರ್ಮಗಳು ಹೇಗೆ ನಡೆಯುತ್ತವೆಂಬ ವಿಷಯವಾಗಿ ಅವನಿಗೆ ಒಂದು ಪ್ರಬಂಧ ಬರೆಯಬೇಕಾಗಿತ್ತು. ತಿರುಗಿ ಬಂದ ಮೇಲೆ ತನ್ನ ಟಿಪ್ಪಣಿಗಳನ್ನು ನನಗೆ ಓದಿ ತೋರಿಸಿದನು. ಹೆಸರು ಹೇಳಬಾರದೆಂದು ಕೇಳಿಕೊಂಡಿದ್ದಾನಾದ್ದರಿಂದ ಹೇಳುವದಿಲ್ಲ. ಆ ಟಿಪ್ಪಣಿಗಳಲ್ಲಿ ಒಂದು ಪ್ರಶ್ನೆಯಿದೆ. ಅದಕ್ಕೆ ಉತ್ತರ ಕೊಡುವ ಹೊಣೆಯು ಅವನದಕ್ಕಿಂತ ಹೆಚ್ಚಾಗಿ ನಮ್ಮದಾಗಿರುವದರಿಂದ ಇಂದಿನ ಭಾಷಣಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ.

ಪಂಢರಪುರವು ಮಹಾರಾಷ್ಟ್ರದ ಕ್ಷೇತ್ರ, ನಮಗೇನು ಸಂಬಂಧವೆಂದು ಕೇಳುವವರು ಈ ಸಭೆಯಲ್ಲಿ ಇರಲಾರರು. ಆ ದೇವಾಲಯದ ತೊಲೆಯೊಂದರ ಮೇಲೆ 1237ನೆಯ ಇಸವಿಯ ಶಾಸನವೊಂದಿದೆ. ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಇರುವ ಆ ಬರಹವು, ಹೊಯ್ಸಳ ವೀರಸೋಮೇಶ್ವರನು ವಿಠ್ಠಲನ ಸೇವೆಗಾಗಿ ಒಂದು ಗ್ರಾಮವನ್ನು ಬಿಟ್ಟುಕೊಟ್ಟದ್ದನ್ನು ತಿಳಿಸುತ್ತದೆ. ವಿಷ್ಣುವೆಂಬ ಶಬ್ದವೇ ಕನ್ನಡಿಗರ ಬಾಯಲ್ಲಿ ತಿರುಗಿ ವಿಠ್ಠಲನ ಹೆಸರಿಗೆ ಮೂಲವಾಯಿತೆಂದು ಡಾ. ರಾಮಕೃಷ್ಣ ಗೋಪಾಳ ಭಾಂಡಾರಕರರು ಬರೆದಿದ್ದಾರೆ. ನಮ್ಮ ವಿಷ್ಣುವರ್ಧನನು ಬಿಟ್ಟಿದೇವನಾದದ್ದನ್ನು ನೆನೆದರೆ ಈ ಮಾತು ತಟ್ಟನೆ ಮನಸ್ಸಿಗೆ ಒಪ್ಪುತ್ತದೆ. ಪುರಂದರದಾಸರ ಅಂಕಿತವನ್ನು ನಿಮ್ಮಂಥವರ ಮುಂದೆ ಹೇಳಬೇಕಾಗಿಲ್ಲ. 1956ರ ನವೆಂಬರ 1ಕ್ಕೆ ಕನ್ನಡನಾಡು ಒಂದಾದಾಗ ಸೊಲ್ಲಾಪುರ, ಅಕ್ಕಲಕೋಟೆಗಳು ಗಡಿಯ ಆಚೆಗೆ ಉಳಿದವು. ಆ ವ್ಯಾಜ್ಯವನ್ನು ನಾನು ಇಂದು ಎತ್ತುವದಿಲ್ಲ. ವಿಜಾಪುರ, ಕಲಬುರ್ಗಿ, ಬೆಳಗಾವಿ ಜಿಲ್ಲೆಗಳ ಒಕ್ಕಲುಮಕ್ಕಳು ದಿಂಡಿ ಕಟ್ಟಿಕೊಂಡು ಭೀಮಾತೀರಕ್ಕೆ ನಡೆಯುವಾಗ ಗಡಿಯ ಕಲ್ಲನ್ನು ಎಣಿಸುವದಿಲ್ಲವೆಂಬಷ್ಟನ್ನು ಮಾತ್ರ ಹೇಳಿ ಮುಂದೆ ಸಾಗುವೆನು.

ತರುಣನಿಗೆ ಮೊದಲ ದಿನವೇ ಒಂದು ಸಂಕಟವುಂಟಾಯಿತು. ವಾರಕರಿಗಳಲ್ಲಿ ಒಬ್ಬರನ್ನೊಬ್ಬರು 'ಮಾವುಲೀ', ಅಂದರೆ ತಾಯಿ, ಎಂದು ಕರೆದು ಪರಸ್ಪರ ಪಾದ ಮುಟ್ಟುವ ಸಂಪ್ರದಾಯವಿದೆ. ಚಂದ್ರಭಾಗೆಯ ದಂಡೆಯಲ್ಲಿ ಇಂಡಿಯ ಕಡೆಯ ಮುದುಕನೊಬ್ಬನು ಬಾಗಿ ಇವನ ಕಾಲು ಮುಟ್ಟಿದನಂತೆ. ಇವನು ನಾಲ್ಕು ಹೆಜ್ಜೆ ಹಿಂದೆ ಸರಿದು, "ಅಜ್ಜಾ, ಹಂಗ ಮಾಡಬ್ಯಾಡ್ರಿ, ನಾ ಕ್ರಿಸ್ತರವ" ಎಂದನು. ಮುದುಕನು, "ಇರವೊಲ್ಲದ್ಯಾಕ ತಮ್ಮಾ, ಬಂದೀಯಲ್ಲ" ಎಂದು ಹೇಳಿ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟು ನಡೆದುಹೋದನು. ದರ್ಶನದ ಸಾಲಿನಲ್ಲಿಯೂ ಇವನ ಮತವನ್ನು ಯಾರೂ ಕೇಳಲಿಲ್ಲ. ಇಟ್ಟಿಗೆಯ ಮೇಲೆ ನಿಂತ ಆ ಮೂರ್ತಿಯನ್ನು ಕಂಡು ಅವನಿಗೆ ಏನೆನಿಸಿತೆಂಬುದನ್ನು ಅವನು ಬರೆದಿಲ್ಲ, ನಾನೂ ಕೇಳಲಿಲ್ಲ. ಪರರ ಪೂಜೆಯನ್ನು ಕುರಿತು ಮೌನವಾಗಿರಬಲ್ಲ ತರುಣರು ಈ ಕಾಲದಲ್ಲಿ ವಿರಳ.

ಇನ್ನು ದಾನಧರ್ಮಗಳ ಮಾತು. ಆ ಊರಿನಲ್ಲಿ ಮಠಗಳೂ ಧರ್ಮಶಾಲೆಗಳೂ ಹೇರಳವಾಗಿವೆ. ಏಕಾದಶಿಯ ಉಪವಾಸ ಮುಗಿದು ದ್ವಾದಶಿಯ ಬೆಳಗಾಗುತ್ತಲೆ ಓಣಿಓಣಿಗೂ ಪಂಕ್ತಿಗಳು ಕೂಡುತ್ತವೆ. ಒಂದೇ ಬೆಳಗಿನಲ್ಲಿ ಮೂರು ಕಡೆಗೆ ತನ್ನನ್ನು ಕೈಹಿಡಿದು ಕೂಡಿಸಿ ಉಣಬಡಿಸಿದರೆಂದೂ, ಬೇಡವೆಂದರೂ ಬಿಡಲಿಲ್ಲವೆಂದೂ ಅವನು ಬರೆದಿದ್ದಾನೆ. ಬಡಿಸುವವರ ಮುಖದಲ್ಲಿ ಕಂಡ ಆನಂದವನ್ನು ಅವನು ಮನಸಾರೆ ಹೊಗಳಿದ್ದಾನೆ, ಅದರಲ್ಲಿ ಕೊಂಕಿಲ್ಲ.

ಅದೇ ಮಧ್ಯಾಹ್ನ ಅವನು ನವರಂಗೇ ಬಾಲಕಾಶ್ರಮವನ್ನು ಹುಡುಕುತ್ತ ಹೊರಟನು. ದಾರಿ ಕೇಳಿದ ಹತ್ತು ಮಂದಿ ಯಾತ್ರಿಕರಲ್ಲಿ ಒಬ್ಬರಿಗೂ ಅಂಥದೊಂದು ಮನೆಯಿರುವ ಸುದ್ದಿಯೇ ಗೊತ್ತಿರಲಿಲ್ಲ. ಅವರಲ್ಲಿ ಇಬ್ಬರು ಇಪ್ಪತ್ತು ವರ್ಷಗಳಿಂದ ತಪ್ಪದೆ ವಾರಿ ಮಾಡಿದವರು. ಆಗ ಅವನು ಬರೆದುಕೊಂಡ ಪ್ರಶ್ನೆಯಿದು: ಉಂಡವನನ್ನೇ ಮತ್ತೆ ಕರೆದು ಉಣ್ಣಿಸುವ ಈ ಜನರು, ತಾಯಿಯಿಲ್ಲದ ಕೂಸು ಇರುವ ಮನೆಯ ದಾರಿಯನ್ನೇಕೆ ಅರಿಯರು?

ಮಹಾಶಯರೇ, ಆ ಮನೆಯ ಕತೆಯನ್ನು ನಾವು ತಿಳಿದುಕೊಳ್ಳತಕ್ಕದ್ದು. 1875ರ ಸುಮಾರಿಗೆ ಪಂಢರಪುರದಲ್ಲಿ ನ್ಯಾಯಾಧೀಶರಾಗಿದ್ದವರು ಗುಜರಾಥದ ಲಾಲಶಂಕರ ಉಮಿಯಾಶಂಕರ ಎಂಬವರು. ಎಳೆಯ ವಯಸ್ಸಿನ ವಿಧವೆಯರು ಮನೆಯವರಿಗೆ ಭಾರವಾಗಿ ಪುಣ್ಯಕ್ಷೇತ್ರಗಳಿಗೆ ಬಂದು ಬೀಳುತ್ತಿದ್ದ ಕಾಲವದು. ಅವರಲ್ಲಿ ಯಾವಳಾದರೂ ಬಸುರಾದರೆ ಮುಂದೇನು? ಹುಟ್ಟಿದ ಕೂಸು ಹೊಳೆಯ ಪಾಲು ಇಲ್ಲವೆ ತಿಪ್ಪೆಯ ಪಾಲು. ತಾಯಿ ಕಾರಾಗೃಹದ ಪಾಲು. ಅಂಥ ಹೆಂಗಸು ಗುಟ್ಟಾಗಿ ಬಂದು ಹೆರಿಗೆಯಾಗಿ, ಬೇಕಾದರೆ ಕೂಸನ್ನು ಅಲ್ಲಿಯೇ ಬಿಟ್ಟು ಹೋಗಬಹುದಾದ ಒಂದು ಮನೆಯನ್ನು ಆ ನ್ಯಾಯಾಧೀಶರು ತೆರೆದರು. ಪುಣೆಯಲ್ಲಿ ಜೋತಿಬಾ ಫುಲೆಯವರು ಇಂಥದೇ ಕಾರ್ಯವನ್ನು 1863ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ್ದರು. ಪಂಢರಪುರದ ಸಂಸ್ಥೆ ಹುಟ್ಟಿದ ಬೆನ್ನಿಗೇ 1876ರಿಂದ 78ರ ವರೆಗಿನ ಘೋರ ಕ್ಷಾಮವು ಸೊಲ್ಲಾಪುರ, ವಿಜಾಪುರ, ಧಾರವಾಡ ಸೀಮೆಗಳನ್ನು ಸುಟ್ಟುಬಿಟ್ಟಿತು. ದಿಕ್ಕಿಲ್ಲದ ಮಕ್ಕಳು ಊರೂರಿಗೆ ತುಂಬಿದರು.

ಈ ಮನೆಯ ಭಾರವನ್ನು ಹೊತ್ತವರು ಯಾರು? ಮುಂಬಯಿಯ ಪ್ರಾರ್ಥನಾಸಮಾಜದವರು. ಮೂರ್ತಿಪೂಜೆಯನ್ನೊಪ್ಪದವರು, ವಿಠ್ಠಲನ ಸಾಲಿನಲ್ಲಿ ನಿಲ್ಲದವರು, ಆದರೆ ತುಕಾರಾಮನ ಅಭಂಗಗಳನ್ನು ತಮ್ಮ ಉಪಾಸನೆಯಲ್ಲಿ ಹಾಡಿದವರು! 1901ರಿಂದ ಆ ಸಮಾಜದ ಅಧ್ಯಕ್ಷರಾಗಿದ್ದ ಸರ್ ನಾರಾಯಣ ಗಣೇಶ ಚಂದಾವರಕರರು ನಮ್ಮ ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದವರು. 1900ರ ಕಾಂಗ್ರೆಸ್ಸಿನ ಅಧ್ಯಕ್ಷರು, ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳು. ಕನ್ನಡನಾಡಿನಲ್ಲಿ ಹುಟ್ಟಿದವರ ಕೈಯೂ ಆ ತೊಟ್ಟಿಲನ್ನು ತೂಗಿದೆಯೆಂದು ಹೇಳಿದಾಗ ನಮ್ಮ ವಿದ್ಯಾರ್ಥಿಯ ಮುಖವರಳಿತು.

ವಕೀಲನಾದ ನಾನು ಕಾಯದೆಯ ಮಾತನ್ನಾಡದೆ ಇರಲಾರೆ. 1856ರ ವಿಧವಾವಿವಾಹದ ಕಾಯದೆಯು ಬಾಗಿಲನ್ನೇನೋ ತೆರೆಯಿತು. ಆದರೆ ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳಬೇಕೆಂಬ ಕಲಮನ್ನೂ ಅದರಲ್ಲಿಯೇ ಇಟ್ಟಿತು. ವಿಧವೆಗೆ ಗಂಡನ ಆಸ್ತಿಯಲ್ಲಿ ಪೂರ್ಣ ಒಡೆತನ ಬಂದದ್ದು 1956ರ ಉತ್ತರಾಧಿಕಾರದ ಕಾಯದೆಯಿಂದ. ಹನ್ನೆರಡು ವರ್ಷದೊಳಗಿನ ಮಗುವನ್ನು ಬಿಟ್ಟುಹೋಗುವ ತಂದೆಗೆ ಅಥವಾ ತಾಯಿಗೆ ಏಳು ವರ್ಷಗಳ ವರೆಗೆ ಶಿಕ್ಷೆಯೆಂದು ದಂಡಸಂಹಿತೆಯ 317ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 93ನೆಯ ಕಲಮು ಅದನ್ನೇ ಹೇಳುತ್ತದೆ. ತಂದೆಯ ಹೆಸರು ಕಾಯದೆಯಲ್ಲಿ ಮೊದಲು ಬರುತ್ತದೆ. ಆದರೆ ಕಟಕಟೆಯಲ್ಲಿ ಬಂದು ನಿಲ್ಲುವವಳು ತಾಯಿ. ಒಂದೂವರೆ ಶತಮಾನದ ಹಿಂದೆ ನ್ಯಾಯಪೀಠದ ಮೇಲೆ ಕುಳಿತವರೊಬ್ಬರು, ಶಿಕ್ಷೆ ಬರೆಯುವ ಕೈಯಿಂದಲೇ ತೊಟ್ಟಿಲನ್ನೂ ಕಟ್ಟಿದರೆಂಬುದು ನಮ್ಮ ವೃತ್ತಿಯವರಿಗೆ ದೊಡ್ಡ ಪಾಠ.

ಹಾಗಾದರೆ ಯಾತ್ರಿಕನಿಗೆ ಆ ಮನೆಯ ದಾರಿ ತಿಳಿಯದಿರುವದೇಕೆ? ಅನ್ನವಿಕ್ಕಿದರೆ ಪುಣ್ಯ ಬರುತ್ತದೆ, ನಾಲ್ವರು ನೋಡುತ್ತಾರೆ, ಹಾಡುತ್ತಾರೆ. ಬಿಟ್ಟ ಕೂಸನ್ನು ಸಾಕಿದರೆ, ಅದನ್ನು ಬಿಟ್ಟವರು ನಮ್ಮವರೇ ಎಂದು ಒಪ್ಪಿಕೊಂಡಂತಾಗುತ್ತದೆ. ಈ ನಾಚಿಕೆಯೇ ನಿಜವಾದ ಕಾರಣವೆಂದು ನನ್ನ ಮತ.

ಆದರೆ ವಿಠ್ಠಲನ ಆಲಯವು ಈ ನಾಚಿಕೆಯನ್ನು ಕಲಿಸಿದ ಸ್ಥಳವಲ್ಲ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮೊದಲು ಇದ್ದ ಮಂಗಳವೇಢೆಯು ಪಂಢರಪುರದ ನೆರೆಯ ಊರು. ಅಲ್ಲಿಯ ವೇಶ್ಯೆಯ ಮಗಳು ಕಾನ್ಹೋಪಾತ್ರೆಯು, ಬೀದರದ ಬಾದಶಹನ ಆಳುಗಳು ಹಿಡಿದೊಯ್ಯಲು ಬಂದಾಗ ವಿಠ್ಠಲನ ಪಾದದಲ್ಲಿ ಪ್ರಾಣ ಬಿಟ್ಟಳೆಂದು ಐತಿಹ್ಯವಿದೆ. ಆಕೆಯ ಸಮಾಧಿಯು ದೇವಾಲಯದ ಆವರಣದೊಳಗೇ ಇದೆ. ಅದೇ ಮಂಗಳವೇಢೆಯಲ್ಲಿ ಗೋಡೆ ಕುಸಿದು ಸತ್ತ ಮಹಾರ ಜಾತಿಯ ಸಂತ ಚೋಖಾಮೇಳನ ಸಮಾಧಿಯು ಮಹಾದ್ವಾರದ ಎದುರಿಗಿದೆ. ಸತ್ತ ಚೋಖನನ್ನು ಬಾಗಿಲಲ್ಲಿಟ್ಟು ಪೂಜಿಸಿದ ಜನರು ಅವನ ಕುಲದವರನ್ನು ಆ ಬಾಗಿಲಿನಾಚೆಗೆ ನಿಲ್ಲಿಸಿದ್ದು ಮಾತ್ರ ಶತಮಾನಗಟ್ಟಲೆ. ಅದನ್ನು ತೆರೆಯಿಸಲು ಸಾನೆ ಗುರುಜಿಯವರು 1947ರ ಮೇ 1ರಿಂದ ಹತ್ತು ದಿನ ಉಪವಾಸ ಬೀಳಬೇಕಾಯಿತು. ಬಡವೆ, ಉತ್ಪಾತ ಮನೆತನಗಳ ವಂಶಪಾರಂಪರ್ಯದ ಹಕ್ಕುಗಳನ್ನು ತೆಗೆದುಹಾಕಿದ 1973ರ ಕಾಯದೆಯ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾದದ್ದು 2014ರಲ್ಲಿ.

ಇನ್ನು ಮಿಶನರಿಗಳ ಮಾತು; ಇದನ್ನು ಬಿಟ್ಟು ಹೋದರೆ ನಮ್ಮ ವಿದ್ಯಾರ್ಥಿಗೆ ಅನ್ಯಾಯವಾದೀತು. ಕ್ರಿಸ್ತೀಯರು ಅನಾಥಾಲಯ ಕಟ್ಟಿದರೆ ಮತಾಂತರದ ಬಲೆಯೆಂದು ನಾವು ಕೂಗುವೆವು. ಕೆಲವೆಡೆ ಆ ಕೂಗಿಗೆ ಆಧಾರವೂ ಇತ್ತು. ಪಂಡಿತಾ ರಮಾಬಾಯಿಯವರ ಡೋಂಗ್ರೆ ಮನೆತನದ ಊರು ನಮ್ಮ ಕಾರ್ಕಳದ ಬಳಿಯ ಮಾಳ. ಕ್ರಿಸ್ತಮತವನ್ನು ಸೇರಿದ ಆಕೆ 1889ರಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದಾಗ ರಾನಡೆ, ಭಾಂಡಾರಕರರು ಸಲಹೆಗಾರರಾಗಿ ನಿಂತರು. ಮತಾಂತರದ ಆಕ್ಷೇಪವೆದ್ದಾಗ 1893ರಲ್ಲಿ ಹೊರಬಂದರು. ಆಕ್ಷೇಪಣೆಯಲ್ಲಿಯೇ ಎಷ್ಟೋ ಜನರ ಕರ್ತವ್ಯ ಮುಗಿಯಿತು. ಧೋಂಡೋ ಕೇಶವ ಕರ್ವೆಯವರು ಮಾತ್ರ, ಆ ಸದನದಲ್ಲಿಯೇ ಕಲಿತ ವಿಧವೆಯೊಬ್ಬರನ್ನು ಮದುವೆಯಾಗಿ, 1896ರಲ್ಲಿ ತಾವೇ ಒಂದು ಆಶ್ರಮವನ್ನು ಕಟ್ಟಿದರು. ಆಕ್ಷೇಪಿಸುವ ಅಧಿಕಾರವು ಅಂಥವರಿಗೆ ಉಂಟು.

ಇದನ್ನೆಲ್ಲ ಕೇಳಿ ನಮ್ಮ ತರುಣನು, "ನಮ್ಮವರೂ ಭಿನ್ನರಲ್ಲ, ವಕೀಲರ. ನಾತಾಳದ ದಾನವು ದೇವಳದ ಕಂಪೌಂಡಿನೊಳಗೇ ಹಂಚಿ ಮುಗಿಯುತ್ತದೆ. ಆ ಅಜ್ಜನಂತೆ ಅರ್ಧ ರೊಟ್ಟಿಯನ್ನು ನಾವು ಯಾರಿಗೆ ಮುರಿದು ಕೊಟ್ಟೇವು?" ಎಂದನು. ತನ್ನ ಪ್ರಬಂಧದಲ್ಲಿ ಈ ಮಾತನ್ನೂ ಸೇರಿಸುವೆನೆಂದನು, ಸೇರಿಸಿದ್ದಾನೆ.

ಮುಂದಿನ ಆಷಾಢಕ್ಕೆ ನಮ್ಮೂರಿನಿಂದಲೂ ದಿಂಡಿ ಹೊರಡುವದಿದೆ. ದಿಂಡಿಯ ಹಿರಿಯರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ದ್ವಾದಶಿಯ ಪಂಕ್ತಿಗೆಂದು ವರ್ಗಣಿ ಕೂಡಿಸುವಾಗ, ಪ್ರತಿ ಹತ್ತು ರೂಪಾಯಿಗಳಲ್ಲಿ ಎರಡನ್ನು ಆ ಬಾಲಕಾಶ್ರಮಕ್ಕೆಂದು ಬೇರೆ ಬರೆದಿಡಬೇಕೆಂದು ಅವರನ್ನು ಬೇಡಿಕೊಳ್ಳುತ್ತೇನೆ. ಹಣವನ್ನು ಟಪಾಲಿನಲ್ಲಿ ಕಳಿಸಬಾರದು. ಮೂವರು ಯಾತ್ರಿಕರು ದಾರಿ ಕೇಳಿಕೊಂಡು ಸ್ವತಃ ಹೋಗಿ, ಮಕ್ಕಳನ್ನು ಕಂಡು, ಮುಟ್ಟಿಸಿ, ಪಾವತಿ ಪಡೆದು ಬರಬೇಕು. ಶಿಕ್ಷಕ ಬಂಧುಗಳು ಶಾಲೆಯ ಮಕ್ಕಳಿಂದ ಪಾಟಿ, ಪುಸ್ತಕ, ಅಂಗಿಗಳನ್ನು ಕೂಡಿಸಿಕೊಟ್ಟರೆ ಅವೂ ದಿಂಡಿಯ ಬಂಡಿಯಲ್ಲಿ ಹೋಗುವವು. ವಿದ್ಯಾರ್ಥಿಯು ತಾನೂ ಜೊತೆಗೆ ಬಂದು ದಾರಿ ತೋರಿಸುವೆನೆಂದಿದ್ದಾನೆ. ಅವನ ಹೆಸರನ್ನು ದಿಂಡಿಯ ಪಟ್ಟಿಯಲ್ಲಿ ಬರೆದುಕೊಳ್ಳುವಿರೋ ಇಲ್ಲವೋ ಎಂಬುದನ್ನು ಹಿರಿಯರು ಇಂದೇ, ಸಭೆ ಮುಗಿಯುವದರೊಳಗಾಗಿ, ತಿಳಿಸಬೇಕೆಂದು ನನ್ನ ವಿನಂತಿ.