ಪೂಜಾಕ್ರಿಯೆಗಳಲ್ಲಿ ಉಪಯೋಗವೂ ಅರ್ಥವೂ

ಕ್ಯಾಥೊಲಿಕ್ ಕ್ರೈಸ್ತರ ಬಲಿಪೂಜೆಯನ್ನು ಹೊಸದಾಗಿ ನೋಡುವವರಿಗೆ ಅದರ ಕ್ರಿಯೆಗಳೆಲ್ಲವೂ ಗೂಢವಾದ ಸಂಕೇತಗಳಂತೆ ತೋರುವುದುಂಟು. ಅವುಗಳಲ್ಲಿ ಕೆಲವು ದಿನಬಳಕೆಯ ಅಗತ್ಯದಿಂದಲೇ ಹುಟ್ಟಿದವೆಂದರೆ ಶ್ರೋತೃಗಳಿಗೆ ಆಶ್ಚರ್ಯವಾದೀತು.

ದ್ರಾಕ್ಷಾರಸಕ್ಕೆ ಗುರುವು ಕೊಂಚ ನೀರನ್ನು ಬೆರೆಸುವುದನ್ನು ತೆಗೆದುಕೊಳ್ಳೋಣ. ಪ್ರಾಚೀನ ಗ್ರೀಕರೂ ರೋಮನರೂ ಮನೆಯ ಊಟದಲ್ಲಿಯೂ ದ್ರಾಕ್ಷಾರಸವನ್ನು ನೀರು ಬೆರೆಸಿಯೇ ಕುಡಿಯುತ್ತಿದ್ದರು. ಆ ವಾಡಿಕೆಯೇ ಪೂಜೆಗೂ ಬಂದಿತು. 3ನೆಯ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನನು, ನೀರೆಂದರೆ ಜನರು, ರಸವೆಂದರೆ ಕ್ರಿಸ್ತನ ರಕ್ತ, ಇವೆರಡನ್ನೂ ಬೇರ್ಪಡಿಸಲಾಗದೆಂದು ವ್ಯಾಖ್ಯಾನಿಸಿದನು. ಬಳಕೆ ಮೊದಲು, ಅರ್ಥ ಅನಂತರ.

ಗುರುವಿನ ಎಡದ ಮುಂಗೈಯಲ್ಲಿ ತೂಗುತ್ತಿದ್ದ ಮ್ಯಾನಿಪಲ್ ಎಂಬ ಪಟ್ಟಿಯ ಕಥೆಯೂ ಇಂತಹುದೇ. ಮೂಲದಲ್ಲಿ ಅದು ಬೆವರೊರಸುವ ಕೈವಸ್ತ್ರ. ಕಸೂತಿ ಹೆಚ್ಚಿದಂತೆ ಒರಸುವ ಕೆಲಸಕ್ಕೆ ಬಾರದೆ ಹೋಯಿತು. ಕಣ್ಣೀರಿನ ಮತ್ತು ದುಡಿಮೆಯ ಗುರುತಾಗಿ ಉಳಿಯಿತು. ಅದನ್ನು ಧರಿಸಲೇಬೇಕೆಂಬ ನಿಯಮವು 1967ರಲ್ಲಿ ರದ್ದಾಯಿತು. ಪಾನಪಾತ್ರೆಯ ಮೇಲಿಡುವ ಚೌಕವಾದ ಮುಚ್ಚಳವಾದರೋ ನೊಣ, ಧೂಳು ಬೀಳದಂತೆ ಇಂದಿಗೂ ತನ್ನ ಕೆಲಸವನ್ನು ಮಾಡುತ್ತಲೇ ಇದೆ.

ಹಾಗಾದರೆ ಎಲ್ಲ ಕ್ರಿಯೆಗಳಿಗೂ ಉಪಯೋಗವೇ ಮೂಲವೆನ್ನಬಹುದೆ? 18ನೆಯ ಶತಮಾನದ ಮೊದಲಲ್ಲಿ ಫ್ರಾನ್ಸಿನ ಸಂನ್ಯಾಸಿ ಕ್ಲೋದ್ ದ ವೇರ್ ಬಹುಮಟ್ಟಿಗೆ ಹಾಗೆಯೇ ವಾದಿಸಿದನು; ಪಿಯರ್ ಲ ಬ್ರಾಂ ಎಂಬ ಪಾದ್ರಿ ಅದನ್ನು ಖಂಡಿಸಿದನು. ಇಲ್ಲಿ ಎಚ್ಚರ ಬೇಕು. ಭಕ್ತರು ತಂದ ಕಾಣಿಕೆಗಳನ್ನು ಮುಟ್ಟಿ ಕೊಳೆಯಾದ ಕೈಗಳನ್ನು ಗುರುವು ತೊಳೆದುಕೊಳ್ಳುತ್ತಿದ್ದನೆಂದು ಹಲವರು ಹೇಳುತ್ತಾರೆ. ಆದರೆ 4ನೆಯ ಶತಮಾನದ ಜೆರೂಸಲೇಮಿನಲ್ಲಿ ಹೊಸದಾಗಿ ದೀಕ್ಷೆ ಪಡೆದವರಿಗೆ ಕೊಟ್ಟ ಉಪದೇಶದಲ್ಲಿ, ಈ ತೊಳೆಯುವಿಕೆ ಮೈಯ ಕೊಳೆಗಲ್ಲ, ಮನಸ್ಸಿನ ಶುದ್ಧಿಯ ಗುರುತೆಂದು ಸ್ಪಷ್ಟವಾಗಿ ತಿಳಿಸಿದೆ. ಹಗಲಿನಲ್ಲಿ ದೀಪ ಹಚ್ಚುವುದೂ ಅಂತೆಯೇ. ಪೂರ್ವದೇಶದ ದೇವಾಲಯಗಳಲ್ಲಿ ಸುವಾರ್ತೆಯನ್ನು ಓದುವಾಗ ಸೂರ್ಯನ ಬೆಳಕಿದ್ದರೂ ದೀಪವನ್ನು ಹಚ್ಚುತ್ತಾರೆಂದೂ, ಅದು ಕತ್ತಲೆಯನ್ನು ಕಳೆಯಲೆಂದಲ್ಲ, ಸಂತೋಷವನ್ನು ತೋರಲೆಂದೂ ಸಂತ ಜೆರೋಮನು ಸುಮಾರು 406ರಲ್ಲಿ ಬರೆದಿದ್ದಾನೆ.

ಆದುದರಿಂದ ಎರಡು ಆತುರಗಳನ್ನು ನಾವು ಬಿಡಬೇಕು. ಮೂಲವು ಸಾಮಾನ್ಯವೆಂದು ತಿಳಿದೊಡನೆ ಅರ್ಥವೆಲ್ಲ ಕಟ್ಟುಕಥೆಯೆನ್ನುವುದು ಒಂದು. ಅರ್ಥವು ಉನ್ನತವಾದುದರಿಂದ ಮೂಲವನ್ನು ವಿಚಾರಿಸಲೇಬಾರದೆನ್ನುವುದು ಇನ್ನೊಂದು. ಒಂದು ಕ್ರಿಯೆ ಎಲ್ಲಿ ಹುಟ್ಟಿತೆಂಬುದನ್ನು ಇತಿಹಾಸವು ಹೇಳಬಲ್ಲುದು. ಅಗತ್ಯವು ತೀರಿದ ಮೇಲೆಯೂ ಜನರು ಅದನ್ನು ಏಕೆ ಉಳಿಸಿಕೊಂಡರೆಂಬುದನ್ನು ತಿಳಿಯಬೇಕಾದರೆ, ಅದನ್ನು ಮಾಡುತ್ತ ಬಂದವರ ಮಾತನ್ನೂ ನಾವು ಕೇಳಬೇಕು.