ಎಲೆಯಲ್ಲದ ಎಲೆ



ಪರಿಸರವಿಜ್ಞಾನಿ ಹೆನ್ರಿ ಹಾರ್ನ್ ಇದೇ ಪ್ರಿನ್ಸ್‌ಟನ್ನಿನ ಇನ್‌ಸ್ಟಿಟ್ಯೂಟ್ ಕಾಡಿನ ಮರಗಳನ್ನು ನೋಡುತ್ತ 1971ರಲ್ಲಿ ಒಂದು ಪುಟ್ಟ ಪುಸ್ತಕ ಬರೆದರು. ಬಯಲಿನ ಮರ ಎಲೆಗಳನ್ನು ಹಲವು ಪದರಗಳಲ್ಲಿ ಚದುರಿಸಿ, ಮೇಲಿನದು ಬಳಸಿ ಉಳಿದ ಬೆಳಕನ್ನು ಕೆಳಗಿನದಕ್ಕೆ ಬಿಡುತ್ತದೆ; ನೆರಳಿನ ಮರ ಒಂದೇ ಪದರ ಹಾಸುತ್ತದೆ ಎಂಬುದು ಅದರ ತಿರುಳು.

ಆಗುಂಬೆಯ ಮಳೆಕಾಡಿನಲ್ಲಿ ಈ ಲೆಕ್ಕಕ್ಕೆ ನೀರೂ ಸೇರುತ್ತದೆ. ಅಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಕಾಡಿನ ತಳದ ಗಿಡಗಳ ಎಲೆ ಸಾಮಾನ್ಯವಾಗಿ ಅಗಲ, ತೆಳು. ಹಲವಕ್ಕೆ ನೀರು ಜಾರಿಸುವ ನೀಳ ತುದಿ. ಆ ತುದಿ ಪಾಚಿಯನ್ನು ದೂರವಿಡುತ್ತದೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ಮರದ ನೆತ್ತಿಯ ಎಲೆಗಳೋ ಚಿಕ್ಕವು, ದಪ್ಪ, ತೊಗಲಿನಂಥವು. ದೊಡ್ಡ ಎಲೆ ಬಿಸಿಲಿಗೆ ಬೇಗ ಕಾಯುತ್ತದೆ. ಚಿಕ್ಕದನ್ನು ಗಾಳಿ ತಣಿಸುತ್ತದೆ.

ಅದೇ ಮಲೆನಾಡಿನ ಅಕೇಶಿಯಾ ನೋಡಿ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಈ ಮರದಲ್ಲಿ ಎಲೆಯಂತೆ ಕಾಣುವುದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಗರಿಯಂಥ ನಿಜವಾದ ಎಲೆ ಎಳೆಯ ಸಸಿಯಲ್ಲಷ್ಟೇ. ನೀರು ಉಳಿಸಲು ಗಡುಸಾದ ಈ ತೊಟ್ಟು ಉದುರಿದ ಮೇಲೆ ನಿಧಾನವಾಗಿ ಕೊಳೆಯುತ್ತದೆ. ಸೊಪ್ಪಿನಬೆಟ್ಟದ ಹಸಿಸೊಪ್ಪು, ತರಗೆಲೆಗಳಿಂದಲೇ ಅಡಿಕೆ ತೋಟಕ್ಕೆ ಗೊಬ್ಬರ ಮಾಡಿಕೊಳ್ಳುವ ರೈತನಿಗೆ ಇದು ಬರೀ ಸಸ್ಯಶಾಸ್ತ್ರವಲ್ಲ. ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಮಾತ್ರ ಮಳೆಕಾಡೂ ಅಕೇಶಿಯಾ ತೋಪೂ ಒಂದೇ ‘ಅರಣ್ಯ ಹೊದಿಕೆ’.

ಭದ್ರಾವತಿಯ ಕಾಗದ ಕಾರ್ಖಾನೆಗೆ ಕೊಟ್ಟಿದ್ದ ನೆಡುತೋಪಿನ ನೆಲದ ಗುತ್ತಿಗೆಯನ್ನು ಸರ್ಕಾರ 2020ರಲ್ಲಿ ಇನ್ನೂ 40 ವರ್ಷಕ್ಕೆ ವಿಸ್ತರಿಸಿತು. ಶಿವಮೊಗ್ಗ ಜಿಲ್ಲೆಯ ಜನ ಪ್ರತಿಭಟಿಸಿದರು. ಕಾರ್ಖಾನೆಯ ಯಂತ್ರಗಳು ಅಷ್ಟರಲ್ಲಾಗಲೇ ನಿಂತಿದ್ದವು.