ಲೆಕ್ಕದ ಪುಸ್ತಕದಲ್ಲಿ ನಾಲ್ಕು ಸಾಲು ಮಾತು
(ರಾತ್ರಿ ಶಾಲೆಯ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)



ರಾತ್ರಿ ಶಾಲೆಯಲ್ಲಿ ಲೆಕ್ಕ ಕಲಿಸುವ ನಾವು ಕೆಲವರು ಕೆಲವು ಕಾಲದಿಂದ ಒಂದು ಹೊಸ ಪದ್ಧತಿಯನ್ನು ನಡೆಸುತ್ತಿದ್ದೇವೆ. ಲೆಕ್ಕ ಮಾಡುವ ಮೊದಲು ವಿದ್ಯಾರ್ಥಿಯು ಆ ಲೆಕ್ಕವನ್ನು ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆಯಬೇಕು. ಉತ್ತರ ಬಂದ ಮೇಲೆ, ಅದು ಸರಿಯೆಂದು ತನಗೆ ಏಕೆ ತೋರುತ್ತದೆ ಎಂಬುದನ್ನು ಇನ್ನೆರಡು ಸಾಲು ಬರೆಯಬೇಕು. ಇದನ್ನು ಕಂಡು ಕೆಲವು ಮಿತ್ರರು ನಕ್ಕದ್ದುಂಟು. "ಲೆಕ್ಕದ ತರಗತಿಯಲ್ಲಿ ಪ್ರಬಂಧ ಬರೆಸುತ್ತಾರಂತೆ" ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ನಗಲಿ, ಅಡ್ಡಿಯಿಲ್ಲ. ನಡೆದದ್ದನ್ನು ಹೇಳುತ್ತೇವೆ.

ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವ ಒಬ್ಬ ತರುಣ ನಮ್ಮಲ್ಲಿದ್ದಾನೆ. ಅವನಿಗೆ ಒಂದು ಲೆಕ್ಕ ಕೊಟ್ಟೆವು: ಅಕ್ಕಿ ಮೂರು ಪಾಲು, ಉದ್ದು ಒಂದು ಪಾಲು, ಎರಡೂ ಸೇರಿ 12 ಕಿಲೋ ನೆನೆಹಾಕಬೇಕು, ಉದ್ದು ಎಷ್ಟು? ಅವನು ತಟ್ಟನೆ 12ನ್ನು 3ರಿಂದ ಭಾಗಿಸಿ "4 ಕಿಲೋ" ಎಂದು ಬರೆದ. ತಪ್ಪೆಂದು ಕೆಂಪು ಗೆರೆ ಎಳೆಯಬಹುದಿತ್ತು. ಎಷ್ಟೋ ವರ್ಷ ನಾವು ಮಾಡುತ್ತಿದ್ದುದೂ ಅದನ್ನೇ. ಈ ಸಲ, "ನಿನ್ನೆ ಊರಿನಿಂದ ಬಂದ ಹೊಸಬನಿಗೆ ಈ ಕೆಲಸ ಹೇಳಿಕೊಡುವ ಹಾಗೆ ಬರೆ" ಎಂದೆವು. ಅವನು ಬರೆದ: "ಡಬ್ಬದಲ್ಲಿ ಮೂರು ಸಲ ಅಕ್ಕಿ ಹಾಕು. ಅದೇ ಡಬ್ಬದಲ್ಲಿ ಒಂದು ಸಲ ಉದ್ದು ಹಾಕು. ಒಟ್ಟು ನಾಲ್ಕು ಡಬ್ಬ ಆಯಿತು." ಅಲ್ಲಿಗೆ ಪೆನ್ನು ನಿಂತಿತು. "ಮಾಸ್ಟ್ರೇ, ನಾಲ್ಕರಿಂದ ಭಾಗಿಸಬೇಕಿತ್ತು! ಉದ್ದು 3, ಅಕ್ಕಿ 9. ಮೊದಲಿನ ಹಾಗೆ ನೆನೆಹಾಕಿದ್ದರೆ ಭಟ್ರು ನನ್ನನ್ನು ಬಿಡುತ್ತಿರಲಿಲ್ಲ" ಎಂದ. ಅವನ ಕೈಗೆ ಗೊತ್ತಿದ್ದ ಲೆಕ್ಕ ಅಂಕಿಗಳ ಮುಂದೆ ಮರೆತು ಹೋಗಿತ್ತು. ಬರೆದಾಗ ಮರಳಿ ಬಂತು.

ಇನ್ನೊಬ್ಬರ ಕಥೆ ಹೀಗೆ ನಗುವಂಥದಲ್ಲ. ಅವರು ಗಿರಣಿಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಕಾವಲು ಕೆಲಸ ಹಿಡಿದವರು. ವಯಸ್ಸಿನಲ್ಲಿ ನಮಗಿಂತ ಹಿರಿಯರು. ಸರಳ ಬಡ್ಡಿಯ ಸೂತ್ರ ಅವರಿಗೆ ಕಂಠಪಾಠ. ಹತ್ತು ಲೆಕ್ಕ ಕೊಟ್ಟರೆ ಹತ್ತೂ ಸರಿ. ಒಂದು ರಾತ್ರಿ, "ನಿಮಗೆ ಗೊತ್ತಿರುವ ಒಂದು ಸಾಲದ ವಿಷಯ ಬರೆಯಿರಿ" ಎಂದು ಎಲ್ಲರಿಗೂ ಹೇಳಿದ್ದೆವು. ಅವರು ಬರೆದದ್ದು: "ಮಗಳ ಮದುವೆಗೆ 10,000 ರೂಪಾಯಿ ತಂದೆ. ಬ್ಯಾಂಕಿನವರು ನೂರಕ್ಕೆ 12 ಕೇಳಿದರು. ಇವನು ನೂರಕ್ಕೆ 3 ಅಂದ. ಇವನಲ್ಲೇ ತಂದೆ."

ನಾವು ತಪ್ಪು ತೋರಿಸಲಿಲ್ಲ. "ಎಷ್ಟು ಕಾಲಕ್ಕೆ ನೂರಕ್ಕೆ 3 ಎಂಬುದನ್ನೂ ಸೇರಿಸಿ ಬರೆಯಿರಿ" ಎಂದೆವು. ಬ್ಯಾಂಕಿನದು ವರ್ಷಕ್ಕೆ, ಇದು ತಿಂಗಳಿಗೆ. ಬರೆದು ಅವರು ಸುಮ್ಮನೆ ಕುಳಿತರು. ತಿಂಗಳಿಗೆ 300, ವರ್ಷಕ್ಕೆ 3,600. ಅಂದರೆ ನೂರಕ್ಕೆ 36. ಏಳು ತಿಂಗಳಲ್ಲಿ 2,100 ರೂಪಾಯಿ ಕೊಟ್ಟಾಗಿತ್ತು. ಅಸಲು ಹತ್ತು ಸಾವಿರ ಹಾಗೆಯೇ ನಿಂತಿತ್ತು. ಸೂತ್ರ ಬಾಯಿಗೆ ಬರುವ ಮನುಷ್ಯನಿಗೆ ತನ್ನ ಮನೆಯ ಸಾಲದಲ್ಲಿ "ತಿಂಗಳಿಗೆ" ಎಂಬ ಒಂದು ಶಬ್ದ ಕಾಣಿಸಿರಲಿಲ್ಲ. ಕಲಿಸಿದ ನಮಗೂ ಅಂದು ನಾಚಿಕೆಯಾಯಿತು. ಆಮೇಲೆ ಐವರು ಗೆಳೆಯರು ಕೂಡಿ ಅಸಲು ತೀರಿಸಿಕೊಟ್ಟರು. ಅವರಿಗೆ ತಿಂಗಳಿಗೆ ಸಾವಿರದಂತೆ ಇವರು ಹಿಂದಿರುಗಿಸುತ್ತಿದ್ದಾರೆ.

ಇದು ನಮ್ಮ ಸ್ವಂತ ಬುದ್ಧಿಯಲ್ಲ. ಹಂಗೇರಿಯಲ್ಲಿ ಹುಟ್ಟಿದ ಪೋಲ್ಯ ಎಂಬ ಗಣಿತಜ್ಞರು 1945ರಲ್ಲಿ ಹೊರತಂದ ಗ್ರಂಥದಲ್ಲಿ, ಮೊದಲು ಪ್ರಶ್ನೆಯನ್ನು ಸ್ವಂತ ಮಾತಿನಲ್ಲಿ ಹೇಳಿಕೊಳ್ಳಬೇಕು, ಕೊನೆಗೆ ಉತ್ತರವನ್ನು ಹಿಂದಿರುಗಿ ನೋಡಬೇಕು ಎಂದಿದ್ದಾರೆ. ನಮ್ಮ ನಾಡಿಗೂ ಇದು ದೂರವಲ್ಲ. ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಹಣ್ಣು, ಮುತ್ತು, ಬಡ್ಡಿಗಳ ಲೆಕ್ಕ ಮಾತಿನಲ್ಲೇ ಇದೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲೇ ವ್ಯವಹಾರಗಣಿತವನ್ನು ಬರೆದನು.

ಮಗ್ಗಿ ಬೇಡವೆಂದು ನಾವು ಹೇಳುವುದಿಲ್ಲ; ಮಗ್ಗಿ ಬೇಕೇ ಬೇಕು. ಹತ್ತು ತಾಸು ನಿಂತು ದುಡಿದು ಬಂದವನಿಂದ ಪುಟಗಟ್ಟಲೆ ಬರೆಸುವುದೂ ನ್ಯಾಯವಲ್ಲ. ಒಂದು ರಾತ್ರಿಗೆ ಒಂದೇ ಲೆಕ್ಕ, ಐದಾರು ಸಾಲು ಸಾಕು. ಗುಣಾಕಾರವನ್ನು ಈಗ ಕಿಸೆಯಲ್ಲಿರುವ ಫೋನು ಮಾಡುತ್ತದೆ, ಒಪ್ಪಿದೆವು. ಯಾವುದನ್ನು ಯಾವುದರಿಂದ ಗುಣಿಸಬೇಕೆಂಬುದನ್ನು ಅದಕ್ಕೆ ನಾವೇ ಹೇಳಬೇಕಷ್ಟೆ. ಕಾಗುಣಿತದ ತಪ್ಪನ್ನು ನಾವು ಈ ಪುಸ್ತಕದಲ್ಲಿ ತಿದ್ದುವುದಿಲ್ಲ. ತುಳುವಿನಲ್ಲಿ ಯೋಚಿಸುವವನು ಕನ್ನಡ ಅಕ್ಷರದಲ್ಲಿ ತುಳುವನ್ನೇ ಬರೆಯಲಿ.

ಪಗಾರದ ಚೀಟಿಯನ್ನೂ ಈಗ ಹೀಗೆಯೇ ಬರೆಸುತ್ತಿದ್ದೇವೆ. ಭವಿಷ್ಯನಿಧಿಗೆ ನೂರಕ್ಕೆ 12ರಂತೆ ಹಿಡಿದರೆಂದು ಚೀಟಿ ಹೇಳುತ್ತದೆ. ಯಾವ ಮೊತ್ತದ ಮೇಲೆ ಹಿಡಿದರು, ಮುಂಗಡವೆಂದು ಎಷ್ಟು ಕಳೆದರು, ಇನ್ನೆಷ್ಟು ಮುಂಗಡ ಬಾಕಿ ಎಂದು ಪ್ರತಿಯೊಬ್ಬನೂ ತನ್ನ ಚೀಟಿಯನ್ನು ಮಾತಿನಲ್ಲಿ ಬರೆಯುತ್ತಾನೆ. ಚೀಟಿಯೇ ಇಲ್ಲದವರು ಅದನ್ನೇ ಬರೆಯುತ್ತಾರೆ. ಅಂಥವರ ಸಂಖ್ಯೆ ನಮ್ಮ ತರಗತಿಯಲ್ಲಿ ಸಣ್ಣದಲ್ಲ.

ನಿಮ್ಮಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಕೋಣೆಯಲ್ಲಿ ರಾತ್ರಿ ಶಾಲೆಗೆ ಹೋಗುವವನಿದ್ದರೆ ವಾರಕ್ಕೊಮ್ಮೆ ಅವನ ಪುಸ್ತಕ ತೆರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ನಿಮಗೆ ಅರ್ಥವಾಗದಲ್ಲಿ ತಡೆದು, "ಅದು ಹೇಗೆ?" ಎಂದು ಕೇಳಿ. ಲೆಕ್ಕ ಬಾರದವರು ಕೇಳಿದರೆ ಇನ್ನೂ ಒಳ್ಳೆಯದು. ಗೆರೆ ಹಾಕಿದ ಪುಸ್ತಕಗಳು ಸಾಲುತ್ತಿಲ್ಲ. ಕೊಡಬಯಸುವವರು ಸಂಜೆ ಏಳರ ಮೇಲೆ ಶಾಲೆಗೇ ತಂದುಕೊಡಬಹುದು.